ಗಾಳ ಹಿಡಿದು ಹೊಳೆಯ ದಡಕ್ಕೆ

ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇವೆ. ಶಾಲೆಯ ಪುಸ್ತಕದಲ್ಲಿ ಅವು ನದಿಗಳಾದರೂ ನಮ್ಮ ಬಾಯಲ್ಲಿ ಹೊಳೆಗಳೇ. ಮಂಜೇಶ್ವರದ ಹೊಳೆ ಹುಟ್ಟಿ ಸಮುದ್ರ ಸೇರುವುದಕ್ಕೆ ಬರೇ 16 ಕಿ.ಮೀ. ಸಾಕು, ರಾಜ್ಯದಲ್ಲೇ ಅತಿ ಚಿಕ್ಕ ನದಿ ಅದು. ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ಚಂದ್ರಗಿರಿಗೆ 105 ಕಿ.ಮೀ. ಉದ್ದ. ನಡುವೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳು. ರಾಷ್ಟ್ರೀಯ ಹೆದ್ದಾರಿಯಲ್ಲಿ ಬಸ್ಸು ಹತ್ತಿದವರು ಅರ್ಧ ಗಂಟೆಗೊಂದು ಸೇತುವೆ ದಾಟುತ್ತಾರೆ, ಆದರೆ ಕೆಳಗೆ ನೋಡುವವರು ಕಡಿಮೆ.

ನಮ್ಮ ವಾಡೆಯ ನಾಲ್ಕೈದು ಕುಟುಂಬಗಳು ಕೆಲವು ವರ್ಷಗಳಿಂದ ಕೆಳಗೆ ನೋಡತೊಡಗಿದ್ದೇವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ತಿಂಗಳಿಗೊಂದು ಆದಿತ್ಯವಾರ ಬೆಳಗ್ಗಿನ ಬಲಿಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಯಾವುದಾದರೊಂದು ಹೊಳೆಯ ದಡಕ್ಕೆ ಗಾಳ ಹಿಡಿದು ಹೋಗುತ್ತೇವೆ. ಬುತ್ತಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ, ಒಂದು ಭರಣಿ ಮೀಟ್ ಮಿರ್ಸಾಂಗ್. ಮೀನು ಸಿಕ್ಕರೆ ಅಲ್ಲೇ ಹುರಿಯುವುದಕ್ಕೆ. ಸಿಗದಿದ್ದರೆ ಅದೇ ಮಿರ್ಸಾಂಗನ್ನು ಗಂಜಿಗೆ ನಂಜಿಕೊಳ್ಳುವುದಕ್ಕೆ. ಎರಡನೆಯದೇ ಹೆಚ್ಚು ಸಲ ಆಗುವುದು ಎಂದು ನಮ್ಮ ಹೆಂಗಸರ ಲೆಕ್ಕ.

ಸಲಕರಣೆಯ ವಿಷಯದಲ್ಲಿ ನಮ್ಮೊಳಗೆ ಎರಡು ಪಂಗಡ. ಗಲ್ಫಿನಿಂದ ರಜೆಗೆ ಬಂದವರು ರೀಲು ಇರುವ ಕಪ್ಪು ರಾಡು, ಪ್ಲಾಸ್ಟಿಕ್ ಡಬ್ಬಿಯ ತುಂಬ ಬಣ್ಣಬಣ್ಣದ ರಬ್ಬರ್ ಮೀನು ತಂದಿರುತ್ತಾರೆ. ಊರಲ್ಲೇ ಉಳಿದವರ ಬಳಿ ಬಿದಿರಿನ ಕಡ್ಡಿ, ತಂಗೂಸಿ ದಾರ, ಎರೆಹುಳು. ಸಣ್ಣ ಮೀನು ಹಿಡಿಯಲು ಬಿದಿರೇ ಮೇಲು ಎಂದು ನಾವು ಕಂಡುಕೊಂಡಿದ್ದೇವೆ. ದೊಡ್ಡದಕ್ಕೆ ಮಾತ್ರ ರೀಲು ಬೇಕು, ಇಲ್ಲದಿದ್ದರೆ ದಾರ ಹೋಗುತ್ತದೆ, ಕೆಲವೊಮ್ಮೆ ಕಡ್ಡಿಯೂ.

ದೊಡ್ಡದು ಎಂದರೆ ನಮ್ಮ ಕಡೆ ಮುಖ್ಯವಾಗಿ ಕಾಳಾಂಜಿ. ಇಂಗ್ಲಿಷಿನಲ್ಲಿ ಏಷ್ಯನ್ ಸೀಬಾಸ್, ಪೇಟೆಯ ಹೋಟೆಲುಗಳ ಪಟ್ಟಿಯಲ್ಲಿ ಬಾರಾಮುಂಡಿ, ಗೋವಾದ ನಮ್ಮ ನೆಂಟರಿಗೆ ಚೊಣಕ್. ಇದು ಹುಟ್ಟುವುದು ಅಳಿವೆಯ ಉಪ್ಪುನೀರಿನಲ್ಲಿ. ಮರಿಗಳು ಹೊಳೆಯ ಸಿಹಿನೀರಿಗೆ ಏರಿ ಬಂದು, ಅಲ್ಲಿ ಬೆಳೆದು, ಮತ್ತೆ ಸಂತಾನಕ್ಕಾಗಿ ಉಪ್ಪುನೀರಿಗೆ ಇಳಿಯುತ್ತವೆ. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಕಾಳಾಂಜಿ ಮೊದಲು ಪ್ರಾಯಕ್ಕೆ ಬರುವುದು ಗಂಡಾಗಿ. ಕೆಲವು ವರ್ಷ ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗಿ ಮಾರ್ಪಡುತ್ತದೆ. ಅಂದರೆ ಹೊಳೆಯಲ್ಲಿರುವ ಬಹಳ ದೊಡ್ಡ ಕಾಳಾಂಜಿಗಳೆಲ್ಲ ಹೆಚ್ಚುಕಡಿಮೆ ತಾಯಂದಿರೇ.

ಇದನ್ನು ಹಿಡಿಯಲು ನಾವು ಹೋಗುವುದು ಶಿರಿಯ ಅಳಿವೆಗೆ. ಕುಂಬಳೆಯ ಉತ್ತರಕ್ಕೆ, ಆರಿಕ್ಕಾಡಿ ಕೋಟೆಯಿಂದ ದೂರವಿಲ್ಲ. ಶಿರಿಯ ಹೊಳೆಯೂ ಕುಂಬಳೆ ಹೊಳೆಯೂ ಅಲ್ಲೇ ಸಮುದ್ರಕ್ಕೆ ಬರುತ್ತವೆ. ದಡದಲ್ಲಿ ಕಾಂಡ್ಲಾ ಗಿಡಗಳ ಬೇರು ಕೆಸರಿನಿಂದ ಎದ್ದು ನಿಂತಿರುತ್ತವೆ, ಅವುಗಳ ನಡುವೆ ಮೀನಿನ ಮರಿಗಳು, ಸಿಗಡಿ, ಏಡಿ. ಕಾಳಾಂಜಿ ಬೆನ್ನಟ್ಟಿ ಬೇಟೆಯಾಡುವ ಜಾತಿಯಲ್ಲ. ಕಲ್ಲಿನ ಮರೆಯಲ್ಲೋ ಸೇತುವೆಯ ಕಂಬದ ನೆರಳಲ್ಲೋ ಸುಮ್ಮನೆ ನಿಂತು, ನೀರಿನೊಡನೆ ಬರುವ ಸಣ್ಣ ಮೀನನ್ನು ಬಾಯಿ ಅಗಲಿಸಿ ಒಮ್ಮೆಲೇ ಒಳಗೆಳೆದುಕೊಳ್ಳುತ್ತದೆ. ಸಂಜೆಯ ಮೌನದಲ್ಲಿ ಆ ‘ಟಪ್’ ಶಬ್ದ ದಡಕ್ಕೆ ಕೇಳಿಸುತ್ತದೆ. ಟಾರ್ಚು ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಉಬ್ಬರ ತಿರುಗಿ ಇಳಿತ ಶುರುವಾಗುವ ಹೊತ್ತು ಅದಕ್ಕೆ ಊಟದ ಸಮಯ, ನಮಗೆ ಕೆಲಸದ ಸಮಯ.

ಅದೇ ಅಳಿವೆಯಲ್ಲಿ ದೋಣಿ ಇರುವ ಒಬ್ಬ ಬ್ಯಾರಿ ಕಾಕ ನಮಗೆ ಗುರು. ಯಾವ ತಿಥಿಗೆ ನೀರು ಎಷ್ಟು ಹೊತ್ತಿಗೆ ತಿರುಗುತ್ತದೆಂದು ಪಂಚಾಂಗ ನೋಡದೆ ಹೇಳುತ್ತಾರೆ. “ಪೊರ್ಬುಗಳೇ, ನೀವು ಮಾತಾಡುವುದು ನಿಲ್ಲಿಸಿದರೆ ಮೀನು ಬರುತ್ತದೆ” ಎಂದು ನಮಗೆ ಮೊದಲ ಪಾಠ ಹೇಳಿದವರೂ ಅವರೇ. ಆ ಪಾಠ ಮಾತ್ರ ನಮಗೆ ಇಂದಿಗೂ ಹತ್ತಿಲ್ಲ.

ಕಳೆದ ಜನವರಿಯಲ್ಲಿ ನಮ್ಮೊಳಗಿನ ಒಂಬತ್ತನೇ ತರಗತಿಯ ಹುಡುಗನ ರಾಡಿಗೆ ಒಂದು ಕಾಳಾಂಜಿ ಬಿತ್ತು. ಜೀವಂತ ಸಿಗಡಿ ಕಟ್ಟಿ ಬಿಟ್ಟಿದ್ದ. ಇಪ್ಪತ್ತು ನಿಮಿಷ ಎಳೆದಾಟ. ಎರಡು ಸಲ ನೀರಿನ ಮೇಲೆ ಹಾರಿತು, ಎರಡು ಸಲವೂ ನಾವೆಲ್ಲ ದಡದಲ್ಲಿ ಕೂಗಿದೆವು. ಕೊನೆಗೆ ಕಾಕ ದೋಣಿಯಿಂದ ಬಾಗಿ ಕೈಬಲೆಗೆ ಹಾಕಿಕೊಂಡರು. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಅಲ್ಲಿ ಕೈ ಇಡಬಾರದು ಎಂದು ಹುಡುಗನನ್ನು ತಡೆದದ್ದೂ ಅವರೇ. ಅಳೆದರೆ ಮೂರು ಅಡಿಗೆ ಎರಡೇ ಬೆರಳು ಕಡಿಮೆ. ತಕ್ಕಡಿ ಇರಲಿಲ್ಲ, ಒಂಬತ್ತು ಕಿಲೋಗೆ ಕಡಿಮೆಯಿಲ್ಲ ಎಂದು ಎಲ್ಲರ ಅಂದಾಜು.

ಒದ್ದೆ ಗೋಣಿಯ ಮೇಲೆ ಮೀನು, ಸುತ್ತ ನಾವು. ಒಬ್ಬರು ಹಂಚುವ ಲೆಕ್ಕ ಹಾಕಿದರು, ಮತ್ತೊಬ್ಬರು ಕುಂಬಳೆ ಪೇಟೆಯ ಕ್ರಯ ಹೇಳಿದರು. ಕಾಕ ಒಂದೇ ಮಾತು ಹೇಳಿದರು: “ಇದು ಹೆಣ್ಣು. ಹೊಟ್ಟೆಯೊಳಗೆ ಒಂದು ಅಳಿವೆ ಇದೆ. ಮತ್ತೆ ನಿಮ್ಮ ಇಷ್ಟ.” ಅವರು ಮೀನು ಮಾರಿ ಬದುಕುವವರು. ಅವರೇ ಹಾಗೆಂದ ಮೇಲೆ ನಮಗೆ ಬಾಯಿ ಬರಲಿಲ್ಲ. ಹಿರಿಯರು ಸೇರಿ ಬಿಡುವುದೆಂದು ತೀರ್ಮಾನಿಸಿದೆವು. ತಲೆಯನ್ನು ನೀರಿನ ಹರಿವಿಗೆದುರಾಗಿ ಹಿಡಿದು, ಕಿವಿರು ಆಡತೊಡಗಿದ ಮೇಲೆ ಕೈ ಸಡಿಲಿಸಿದರೆ ಒಮ್ಮೆ ಬಾಲ ಬಡಿದು ಹೋಯಿತು. ಹುಡುಗನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವನು ನಮ್ಮೊಡನೆ ಮೂರು ದಿನ ಮಾತಾಡಲಿಲ್ಲ. ಅವನ ಕೋಪ ನ್ಯಾಯದ್ದೇ. ಮೀನನ್ನು ಬಿಟ್ಟದ್ದೂ ನ್ಯಾಯದ್ದೇ. ಎರಡೂ ಒಟ್ಟಿಗೆ ಸರಿಯಾಗಿರಲು ಸಾಧ್ಯ ಎಂಬುದು ಮಕ್ಕಳಿರುವ ಮನೆಯವರಿಗೆ ಹೊಸತೇನಲ್ಲ. ಈಗ ನಾವು ಹೋಗುವ ಮೊದಲೇ ಮಕ್ಕಳನ್ನೂ ಕೂರಿಸಿ ಅಳತೆ ನಿಶ್ಚಯಿಸುತ್ತೇವೆ: ಗೇಣಿಗಿಂತ ಚಿಕ್ಕದೂ ಬೇಡ, ಎರಡು ಅಡಿಗಿಂತ ದೊಡ್ಡದೂ ಬೇಡ.

ಚಂದ್ರಗಿರಿಯ ಕಡೆಗೆ ಹೋಗುವುದು ಕಡಿಮೆ. ನೋಡಲು ಅದು ಎಲ್ಲಕ್ಕಿಂತ ಚೆಂದ. ಇಕ್ಕೇರಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಯ ಮೇಲೆ ನಿಂತರೆ ಹೊಳೆ, ತೆಂಗಿನ ತೋಟ, ಸಮುದ್ರ ಒಂದೇ ನೋಟಕ್ಕೆ ಸಿಗುತ್ತವೆ. ತುಳುನಾಡು ಮುಗಿದು ಮಲಬಾರು ಶುರುವಾಗುವ ಗಡಿ ಎಂದು ಹಿಂದಿನವರು ಲೆಕ್ಕ ಹಾಕಿದ್ದು ಇದೇ ನೀರನ್ನು. ಕೆಳಗೆ ಕರಿಮೀನು, ಕೆಂಬೇರಿ ಸಿಗುತ್ತವೆ. ಕರಿಮೀನನ್ನು 2010ರಲ್ಲಿ ಕೇರಳದ ರಾಜ್ಯಮೀನು ಎಂದು ಸಾರಿದ ಮೇಲೆ ಅದರ ಕ್ರಯ ಏರಿತು ಎಂಬುದು ನಮ್ಮ ಹೆಂಗಸರ ದೂರು. ಮೇಲಕ್ಕೆ ಹೋದರೆ ಬಾವಿಕ್ಕರೆಯಲ್ಲಿ 2021ರಲ್ಲಿ ಉದ್ಘಾಟನೆಯಾದ ಅಣೆಕಟ್ಟು ಇದೆ. ಬೇಸಿಗೆಯಲ್ಲಿ ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿದ್ದ ಕಷ್ಟ ಉಂಡವರಿಗೆ ಅದರ ಬೆಲೆ ಗೊತ್ತು. ಆದರೆ ಉಪ್ಪುನೀರಿಗೆ ತಡೆಯಾದದ್ದು ಮೇಲೇರುವ ಮೀನಿಗೂ ತಡೆಯೇ.

ಈ ಹೊಳೆಯ ಮರಳಿನಲ್ಲಿ ಮೊಟ್ಟೆಯಿಡುವ ಒಂದು ಅಪರೂಪದ ಆಮೆಯಿದೆ, ಮೃದುಚಿಪ್ಪಿನ ದೊಡ್ಡ ಆಮೆ, ಮಲಯಾಳದಲ್ಲಿ ಭೀಮನಾಮೆ. ಜಗತ್ತಿನಲ್ಲೇ ಕೆಲವೇ ಕಡೆ ಉಳಿದಿರುವ ಇದು ಚಂದ್ರಗಿರಿಯಲ್ಲಿ ಸಂತಾನ ಬೆಳೆಸುತ್ತಿರುವುದನ್ನು ಸಂಶೋಧಕರು ದಡದ ಊರವರ ನೆರವಿನಿಂದಲೇ ಕಂಡುಹಿಡಿದರು. ಅದರ ವರದಿ 2024ರಲ್ಲಿ ಹೊರಬಂತು. ಗಾಳ ಹಾಕುವವರು ಇದನ್ನು ತಿಳಿದಿರಬೇಕು. ಆಮೆ ಸಿಕ್ಕಿಬಿದ್ದರೆ ಬಲವಂತ ಮಾಡದೆ ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ. ಕಾನೂನಿನ ರಕ್ಷಣೆಯಲ್ಲಿ ಹುಲಿಗಿರುವ ಸ್ಥಾನವೇ ಅದಕ್ಕೂ ಇದೆ.

ಗಾಳದ ಮೀನುಗಾರಿಕೆ ನಮ್ಮ ಜಿಲ್ಲೆಗೆ ಹೊಸತಲ್ಲ. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಬಹಳ ಹೆಸರಾದ ಪುಸ್ತಕ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. 1956ರವರೆಗೆ ಕಾಸರಗೋಡು ಅದೇ ಜಿಲ್ಲೆಯ ತಾಲೂಕು, ಹಾಗಾಗಿ ಅವರು ನಮ್ಮ ಹಿರಿಯರಿಗೂ ಕಲೆಕ್ಟರರೇ. ಗಾಳದ ಶೋಕಿಯ ಜೊತೆಗೆ ಅವರಿಗೆ ಮತ್ತೊಂದು ಚಿಂತೆಯಿತ್ತು. ಸಣ್ಣ ಕಣ್ಣಿನ ಬಲೆ, ಬುಟ್ಟಿಗಳಲ್ಲಿ ಮೀನಿನ ಮರಿಗಳು ನಾಶವಾಗುತ್ತಿವೆ ಎಂದು ಆ ಕಾಲಕ್ಕೇ ಸರಕಾರಕ್ಕೆ ಬರೆದರು. ಹೊಳೆಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯಬಾರದೆಂಬ ಕಾನೂನು 1897ರಲ್ಲಿ ಬಂತು. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಬರುವ ಮೊಟ್ಟೆಮೀನನ್ನು ಹಿಡಿಯುವುದು ಈಗ ಕೇರಳದಲ್ಲಿ ದಂಡ, ಜೈಲು ಎರಡಕ್ಕೂ ದಾರಿ. ಜೂನಿನಲ್ಲಿ ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಇಳಿಯುವ ಹುಮ್ಮಸ್ಸು ಇನ್ನೂ ನಿಂತಿಲ್ಲ. ಅದು ಹೊಟ್ಟೆಪಾಡಲ್ಲ, ಬರೀ ಮೋಜು. ಹಾಗಾಗಿ ನಮಗೆ ಅದರ ಮೇಲೆ ಕನಿಕರವಿಲ್ಲ.

ಇನ್ನು ಎಣ್ಮಕಜೆಯ ಕಡೆಗೆ. ಪಡ್ರೆ, ಏತಡ್ಕ, ಸ್ವರ್ಗ – ಹೌದು, ಅಲ್ಲಿ ಸ್ವರ್ಗ ಎಂಬ ಊರೇ ಇದೆ, ಅಲ್ಲಿಗೆ ಬಸ್ಸೂ ಹೋಗುತ್ತದೆ. ಅಲ್ಲಿನ ನೀರೆಲ್ಲ ಸಣ್ಣ ತೋಡುಗಳು. ಮಳೆ ನಿಂತ ಮೇಲೆ ಕೃಷಿಕರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಇಟ್ಟು ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟುತ್ತಾರೆ. ಮುಂದಿನ ಮಳೆಗೆ ಅದನ್ನು ಬಿಡಿಸುತ್ತಾರೆ, ಅಥವಾ ನೀರೇ ಒಯ್ಯುತ್ತದೆ. ಪುನಃ ಕಟ್ಟುತ್ತಾರೆ. ಕಟ್ಟದ ಹಿಂದೆ ನಿಂತ ನೀರಿನಿಂದ ಎರಡೂ ದಡದ ಬಾವಿ, ಸುರಂಗಗಳಿಗೆ ಜೀವ ಬರುತ್ತದೆ. ಅಂಥ ಕಟ್ಟದ ನೀರಿನಲ್ಲಿ ಮಡಂಜಿ, ಮುಗುಡು ಇರುತ್ತವೆ. ಚಿಕ್ಕ ಮಕ್ಕಳಿಗೆ ಗಾಳ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ: ಸೆಳವಿಲ್ಲ, ಸೊಂಟದ ಮೇಲೆ ಆಳವಿಲ್ಲ, ಅಡಿಕೆ ತೋಟದ ನೆರಳಿದೆ.

ಆದರೆ ಇದೇ ತೋಡುಗಳ ಮೇಲಿನ ಗುಡ್ಡಗಳಲ್ಲಿ ಗೇರು ತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಆ ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದರು. ಗುಡ್ಡಕ್ಕೆ ಬಿದ್ದದ್ದು ತೋಡಿಗೆ ಇಳಿಯದೆ ಇರುತ್ತದೆಯೇ? ಎಂಡೋಸಲ್ಫಾನ್ ಮೀನಿಗಂತೂ ಕಡು ವಿಷ. ಜೇನು ಹೋಯಿತು, ಕಪ್ಪೆ ಹೋಯಿತು, ಮೀನು ಹೊಟ್ಟೆ ಮೇಲಾಗಿ ತೇಲಿತು. ಆಮೇಲೆ ಮನೆಮನೆಯಲ್ಲಿ ಮಕ್ಕಳ ಕಾಯಿಲೆ. ಪತ್ರಕರ್ತ ಶ್ರೀ ಪಡ್ರೆ, ಅಲ್ಲಿಯೇ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಮೊದಲಾದವರು ಬರೆದೂ ಹೇಳಿಯೂ ಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಮನುಷ್ಯರಿಗಿಂತ ಮೊದಲು ತೋಡಿನ ಮೀನು ಅಪಾಯದ ಸುದ್ದಿ ಹೇಳಿತ್ತು, ಕೇಳಿಸಿಕೊಳ್ಳಲು ನಮಗೆಲ್ಲ ಇಷ್ಟು ವರ್ಷ ಬೇಕಾಯಿತು.

ಕಳೆದ ಫೆಬ್ರವರಿಯಲ್ಲಿ, ತಪಸ್ಸು ಕಾಲ ಶುರುವಾಗುವ ಮೊದಲಿನ ಆದಿತ್ಯವಾರ, ಮಕ್ಕಳನ್ನು ಕರೆದುಕೊಂಡು ಆ ಕಡೆಯ ಒಂದು ಕಟ್ಟಕ್ಕೆ ಹೋದೆವು. ಕಟ್ಟದ ಪಕ್ಕದ ಮನೆಯ ಅಜ್ಜಿ ಅಂಗಳದಿಂದಲೇ ನಮ್ಮನ್ನು ಗಮನಿಸುತ್ತಿದ್ದರು. ಮಕ್ಕಳು ಎರೆಹುಳು ಚುಚ್ಚಿ ಗಾಳ ಬಿಟ್ಟು ಅರ್ಧ ಗಂಟೆಯಾಗುವಾಗ ಒಂದು ಮಡಂಜಿ ಸಿಕ್ಕಿತು, ಮೊಣಕೈ ಉದ್ದದ್ದು. ಅಜ್ಜಿ ಕೋಲೂರಿಕೊಂಡು ಇಳಿದು ಬಂದರು. ಮೀನನ್ನು ಬಹಳ ಹೊತ್ತು ನೋಡಿದರು. “ನನ್ನ ಮಗ ಸಣ್ಣವನಿದ್ದಾಗ ಇಲ್ಲೇ ಹಿಡಿಯುತ್ತಿದ್ದ. ನಡುವೆ ಏನೂ ಇರಲಿಲ್ಲ ಮಕ್ಕಳೇ, ಒಂದು ಸಣ್ಣ ಮರಿಯೂ ಇರಲಿಲ್ಲ” ಎಂದರು. ನಾವು ಅದನ್ನು ಅವರಿಗೇ ಕೊಡಲು ಹೋದೆವು. ಕೈ ಅಡ್ಡ ಮಾಡಿದರು. ಈ ತೋಡಿನದ್ದನ್ನು ಆ ಮನೆಯವರು ತಿನ್ನುವುದು ಬಿಟ್ಟು ಎಷ್ಟೋ ವರ್ಷವಾಯಿತಂತೆ. “ನೀರು ಈಗ ಸರಿಯಾಗಿದೆ ಎಂದು ಹೇಳುತ್ತಾರೆ. ಆಗಲೂ ಸರಿಯಾಗಿದೆ ಎಂದೇ ಹೇಳಿದ್ದರು.”

ಆಮೇಲೆ ಮಕ್ಕಳ ಕಡೆಗೆ ತಿರುಗಿ, ಹಿಡಿಯುವುದಾದರೆ ಹಿಡಿಯಿರಿ, ನೋಡಲಿಕ್ಕೆ ಚೆಂದವಾಗುತ್ತದೆ ಎಂದರು. ಮಡಂಜಿಯನ್ನು ಅದು ಬಂದಲ್ಲೇ, ಕಟ್ಟದ ಕಲ್ಲಿನ ಬುಡದಲ್ಲಿ ಬಿಟ್ಟೆವು. ಅದು ಓಡಲಿಲ್ಲ. ಕಲ್ಲಿನ ನೆರಳಿಗೆ ಹೋಗಿ ಮುಖ ಹೊರಗೆ ಮಾಡಿ ನಿಂತಿತು. ಅಜ್ಜಿ ಮನೆಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆ ತಂದರು, ನಾವೆಲ್ಲ ಕಟ್ಟದ ಮೇಲೆ ಕುಳಿತು ಕುಡಿದೆವು. ಶಿರಿಯದಲ್ಲಿ ಮೂರು ದಿನ ಮುನಿಸಿಕೊಂಡಿದ್ದ ಹುಡುಗ ಬಗ್ಗಿ ಆ ಮೀನನ್ನೇ ನೋಡುತ್ತಿದ್ದ, ಚಿಕ್ಕವರಿಗೆ ಗಲಾಟೆ ಮಾಡಬೇಡಿ ಎಂದು ಕೈಸನ್ನೆ ಮಾಡುತ್ತಾ.