ಟೇಪಿನ ಕೆಳಗೊಂದು ದೀಪ

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಸುಲೇಪೇಟಕ್ಕೆ ಹೋದಾಗ ಅಪ್ಪನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಕಪ್ಪು ಟೇಪಿನ ಚೂರು ಕಾಣಿಸಿತು. ವೈರಿಗೆ ಸುತ್ತುತ್ತಾರಲ್ಲ, ಅದೇ ಟೇಪು. ಉಗುರಿನಷ್ಟು ಕತ್ತರಿಸಿ, ಸ್ಪೀಡೋಮೀಟರಿನ ಪಕ್ಕ ನೀಟಾಗಿ ಅಂಟಿಸಿದ್ದರು.

“ಇದೇನಪ್ಪ?”

“ಒಂದು ಹಳದಿ ದೀಪ ಹತ್ತ್ಯಾದ. ಆರವಲ್ದು. ಅದಕ್ಕ ಮುಚ್ಚೀನಿ.”

“ಎಷ್ಟು ದಿನಾ ಆತು?”

“ದೀಪಾವಳಿಗಿಂತ ಮೊದಲ.”

ನಗು ಬಂತು. ಆದರೆ ರಾತ್ರಿ ಎರಡಕ್ಕೆ ಬರುವ ಸರ್ವರ್ ಅಲರ್ಟ್‌ಗಳನ್ನ ಮ್ಯೂಟ್ ಮಾಡಿ ಮಲಗೋ ನಾನು ಅಪ್ಪನಿಗೆ ಬುದ್ಧಿ ಹೇಳೋ ಹಾಗಿರಲಿಲ್ಲ. ಸಮಸ್ಯೆ ಬೇರೆಯೇ ಇತ್ತು. ಪುಣೆಯಲ್ಲಿರುವ ಅಕ್ಕನಿಗೆ ದಿನ ತುಂಬಿತ್ತು. ಇನ್ನು ನಾಲ್ಕು ದಿನಕ್ಕೆ ಅಪ್ಪ-ಅವ್ವನನ್ನ ವಾಡಿ ಜಂಕ್ಷನ್‌ಗೆ ಕರೆದುಕೊಂಡು ಹೋಗಿ ರೈಲು ಹತ್ತಿಸಬೇಕಿತ್ತು. ಸುಲೇಪೇಟದಿಂದ ಸೇಡಂ, ಮಳಖೇಡ, ಚಿತ್ತಾಪುರ, ಆಮೇಲೆ ವಾಡಿ. ಗಾಡಿ 2013ರ ಮಾಡೆಲ್, ಪೆಟ್ರೋಲ್, ಕೆಎ-32 ನಂಬರು, ಓಡಿದ್ದು 1,28,000 ಕಿಲೋಮೀಟರ್. ಟೇಪು ಅಂಟಿಸಿಕೊಂಡ ಗಾಡಿಯಲ್ಲಿ ಅಷ್ಟು ದೂರ ಹೋಗೋಕೆ ನನಗೆ ಧೈರ್ಯ ಬರಲಿಲ್ಲ.

ಟೇಪು ಕಿತ್ತೆ. ಕೀ ಅರ್ಧ ತಿರುಗಿಸಿದೆ, ಎಂಜಿನ್ ಚಾಲೂ ಮಾಡಲಿಲ್ಲ. ಆಗ ಡ್ಯಾಶ್‌ಬೋರ್ಡ್ ಜಾತ್ರೆಯ ತೇರಿನಂತೆ ಬೆಳಗುತ್ತೆ: ಎಂಜಿನ್ನಿನ ಚಿತ್ರ, ಬ್ಯಾಟರಿ, ಎಣ್ಣೆ ಜಾರಿನಂಥದ್ದು, ಬ್ರೇಕ್, ಸ್ಟೇರಿಂಗ್. ಗಾಬರಿ ಬೀಳೋದು ಬೇಡ, ಅದು ದೀಪಗಳ ಹಾಜರಿ. ಎಂಜಿನ್ ಚಾಲೂ ಆದ ಮೇಲೆ ಒಂದೊಂದೇ ಆರಬೇಕು. ಹಾಜರಿಯಲ್ಲೇ ಒಂದು ದೀಪ ಹತ್ತದಿದ್ದರೆ ಅದೂ ಯೋಚಿಸೋ ವಿಷಯವೇ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದವರು ಇದನ್ನ ಮೊದಲು ನೋಡಿ. ದೋಷ ಸರಿ ಮಾಡೋದಕ್ಕಿಂತ ಬಲ್ಬು ಕೀಳೋದು ಅಗ್ಗ ಅಂತ ಕೆಲವರಿಗೆ ಗೊತ್ತು. ಬಣ್ಣದ ಲೆಕ್ಕ ನಮ್ಮ ಟ್ರಾಫಿಕ್ ಸಿಗ್ನಲ್‌ನದ್ದೇ. ಕೆಂಪು ಹತ್ತಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸು, ಹಳದಿಯಾದರೆ ಬೇಗ ತೋರಿಸು, ಹಸಿರು-ನೀಲಿ ಸುಮ್ಮನೆ ಮಾಹಿತಿ.

ಅಪ್ಪ ಮುಚ್ಚಿದ್ದು ಹಳದಿಯ ‘ಚೆಕ್ ಎಂಜಿನ್’ ದೀಪ. ಅದು ಮಿಣುಕದೆ ಸುಮ್ಮನೆ ಹತ್ತಿಕೊಂಡಿದ್ದರೆ ಗಾಡಿ ಗ್ಯಾರೇಜಿನ ತನಕ ಓಡಿಸಬಹುದು. ಮಿಣುಕಿದರೆ ಕತೆ ಬೇರೆ. ಎಂಜಿನ್ ಮಿಸ್ ಹೊಡೀತಿದೆ, ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ ಅಂತ ಅರ್ಥ.

ನನ್ನ ಬ್ಯಾಗಿನಲ್ಲಿ ಒಂದು ಬ್ಲೂಟೂತ್ ಡಾಂಗಲ್ ಇತ್ತು. ಆನ್‌ಲೈನಲ್ಲಿ ಐನೂರು ರೂಪಾಯಿ ಆಸುಪಾಸಿಗೆ ಸಿಗುತ್ತೆ. ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಪೋರ್ಟ್ ಇರುತ್ತಲ್ಲ, ಒಬಿಡಿ ಅಂತಾರೆ, ಅಲ್ಲಿ ಚುಚ್ಚಿ ಫೋನಿನ ಆ್ಯಪ್ ತೆಗೆದರೆ ಗಾಡಿ ತನ್ನ ದೂರನ್ನ ತಾನೇ ಹೇಳುತ್ತೆ. ನಮ್ಮ ಗಾಡಿ ಹೇಳಿದ್ದು ಪಿ0135. ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಅಳೆಯೋ ಸೆನ್ಸರ್ ಅದು. ತಣ್ಣಗಿದ್ದಾಗ ಕೆಲಸ ಮಾಡಲ್ಲ, ಅದಕ್ಕೇ ಒಳಗೊಂದು ಹೀಟರ್.

ಸಿಕ್ತು ಅಂದುಕೊಂಡೆ. ಸೆನ್ಸರ್ ಹೋಗಿದೆ, ಹೊಸದು ಹಾಕಿದರಾಯ್ತು. ಕಾರ್ಟಿಗೆ ಹಾಕಿ ಹಣ ಕಟ್ಟೋ ಹೊತ್ತಿಗೆ ಅಪ್ಪ, “ತಡಿ, ಸೇಡಂಕ ಹೋಗಿ ಉಸ್ತಾದಗ ಒಮ್ಮೆ ತೋರ್ಸಮು” ಅಂದರು.

ಉಸ್ತಾದ್ ನನ್ನ ಫೋನ್ ನೋಡಲೇ ಇಲ್ಲ. “ಗಾಡಿ ಎಲ್ಲಿ ನಿಂದರಸ್ತೀರಿ?” ಅಂತ ಕೇಳಿದ.

“ಶೆಡ್ಡಿನ್ಯಾಗ.”

“ಶೆಡ್ಡಿನ್ಯಾಗ ಮತ್ತೇನದ?”

“ತೊಗರಿ ಚೀಲ.”

ಆತ ನಕ್ಕು, ಟಾರ್ಚ್ ಹಿಡಿದು ಬಾನೆಟ್ ಒಳಗೆ ತಲೆ ಹಾಕಿದ. ಎರಡು ನಿಮಿಷಕ್ಕೆ ಒಂದು ವೈರು ಎತ್ತಿ ತೋರಿಸಿದ. ಮೇಲಿನ ಪ್ಲಾಸ್ಟಿಕ್ ಹೋಗಿ ಒಳಗಿನ ತಾಮ್ರ ಕಾಣ್ತಿತ್ತು, ಸಣ್ಣ ಸಣ್ಣ ಹಲ್ಲಿನ ಗುರುತು. “ಈ ದಿನದಾಗ ವಾರಕ್ಕೆರಡು ಗಾಡಿ ಹಿಂಗ ಬರ್ತಾವ್ರಿ. ಸೆನ್ಸರ್ ಚಲೋ ಅದ. ಇಲಿ ಹಚ್ಚಿದ ದೀಪ ಇದು.”

ನಮ್ಮ ಕಲಬುರಗಿ ಜಿಲ್ಲೆಯನ್ನ ತೊಗರಿಯ ಕಣಜ ಅಂತಾರೆ, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗೂ ಸಿಕ್ಕಿದೆ. ಆದರೆ ಕಣಜ ಇದ್ದಲ್ಲಿ ಇಲಿ ಇರುತ್ತೆ ಅನ್ನೋದು ನನ್ನ ತಲೆಗೆ ಹೊಳೀಲಿಲ್ಲ. ಹೋದ ವರ್ಷದ ಉಳಿಕೆ ಚೀಲ ಶೆಡ್ಡಿನಲ್ಲಿತ್ತು, ಇಲಿಗಳಿಗೆ ಊಟ ಅಲ್ಲಿ, ಬೆಚ್ಚಗಿನ ಮಲಗೋ ಜಾಗ ಎಂಜಿನ್ ಮೇಲೆ. ಕೋಡ್ ಸುಳ್ಳು ಹೇಳಿರಲಿಲ್ಲ. ಹೀಟರ್ ಸರ್ಕ್ಯೂಟಿನಲ್ಲಿ ದೋಷ ಅಂದಿತ್ತು, ಇತ್ತು ಕೂಡ. ಸೆನ್ಸರ್ ಬದಲಿಸು ಅಂತ ಓದಿಕೊಂಡವನು ನಾನು. ಲಾಗಿನಲ್ಲಿ ಎರರ್ ಬಂದ ಸಾಲೇ ಬಗ್‌ನ ಮೂಲ ಅಂದುಕೊಳ್ಳೋ ಹೊಸ ಹುಡುಗರಿಗೆ ನಾನು ಆಫೀಸಲ್ಲಿ ಬೈತೀನಿ. ಉಸ್ತಾದ್ ಬೈಲಿಲ್ಲ. ವೈರು ಜೋಡಿಸಿ ಬೆಸುಗೆ ಹಾಕಿ, ಮೇಲೆ ತೋಳು ಹಾಕಿ, ಇನ್ನೂರು ರೂಪಾಯಿ ತೊಗೊಂಡ. ಡಾಂಗಲ್ ಇದ್ದದ್ದಕ್ಕೆ ಕೋಡ್ ಅಳಿಸೋ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ವಾಪಸ್ ಬರುವಾಗ ಅಪ್ಪನನ್ನ ಕೇಳಿದೆ. “ಇಷ್ಟ ಸಣ್ಣ ಕೆಲಸ. ಮೊದಲ ತೋರ್ಸಬಾರ್ದೇನು?”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ದೀಪ ನೋಡಿದ್ರ ನನಗ ಎದಿ ಢವಢವ ಅಂತದ ನೋಡು. ಒಂದು ಸಲ ಎಂಜಿನ್ ಸುಟ್ಟೀನಿ” ಅಂದರು.

2019ರ ಮಳೆಗಾಲದ ಮಾತು. ಚಿಂಚೋಳಿಯಿಂದ ಬರುವಾಗ ಗುಂಡಿಯ ಕಲ್ಲು ತಾಗಿ ಎಂಜಿನ್ ಕೆಳಗಿನ ಸಂಪ್ ಒಡೆದಿತ್ತು. ಎಣ್ಣೆ ಜಾರಿನ ಕೆಂಪು ದೀಪ ಹತ್ತಿತು. ಊರು ಇನ್ನು ಮೂರೇ ಕಿಲೋಮೀಟರ್, ಮನೆಗೆ ಹೋಗಿ ಆಯಿಲ್ ಹಾಕಿದರಾಯ್ತು ಅಂತ ಅಪ್ಪ ಓಡಿಸಿದರು. ಊರು ಬರೋಕೆ ಮೊದಲೇ ಎಂಜಿನ್ ಜಾಮ್. ಆ ದೀಪ ಆಯಿಲ್ ಎಷ್ಟಿದೆ ಅಂತ ಹೇಳೋದಲ್ಲ, ಎಂಜಿನ್ ಒಳಗೆ ಆಯಿಲಿನ ಒತ್ತಡ ಇಲ್ಲ ಅಂತ ಹೇಳೋದು. ಕಬ್ಬಿಣದ ಮೇಲೆ ಕಬ್ಬಿಣ ಒಣಗಿ ತಿಕ್ಕುತ್ತಿದೆ ಅಂತ. ಅದಕ್ಕೆ ಮೂರು ಕಿಲೋಮೀಟರ್ ಬಹಳ ದೂರ; ಅಲ್ಲೇ ಎಂಜಿನ್ ಬಂದ್ ಮಾಡಬೇಕು. ಆ ವರ್ಷದ ತೊಗರಿಯ ರೊಕ್ಕದಲ್ಲಿ ಮೂವತ್ತೆಂಟು ಸಾವಿರ ಎಂಜಿನ್ನಿಗೇ ಹೋಯ್ತು. ನಾನಾಗ ಬೆಂಗಳೂರಲ್ಲಿ ಹೊಸ ಕೆಲಸಕ್ಕೆ ಸೇರಿದ್ದೆ. ಅಪ್ಪ ಫೋನಲ್ಲಿ “ಗಾಡಿ ಸರ್ವಿಸ್‌ಗೆ ಬಿಟ್ಟೀನಿ” ಅಂದಿದ್ದರು, ಅಷ್ಟೇ. ಟೇಪು ಅಸಡ್ಡೆಯಿಂದ ಅಂಟಿಸಿದ್ದಲ್ಲ, ಹೆದರಿ ಅಂಟಿಸಿದ್ದು ಅಂತ ಆ ಸೇಡಂ ರಸ್ತೆಯಲ್ಲಿ ಗೊತ್ತಾಯ್ತು.

ಹೊರಡೋ ದಿನ ಸಂಜೆ ನಾಲ್ಕೂವರೆಗೆ ಡಿಕ್ಕಿ ತುಂಬಿತು. ಬಾಣಂತಿಗೆ ಅಂಟಿನುಂಡಿ, ಶೇಂಗಾ ಹಿಂಡಿ, ಸಜ್ಜಿ ರೊಟ್ಟಿ, ಹತ್ತು ಕಿಲೋ ಬೇಳೆ, ಹಳೆ ಕಾಟನ್ ಸೀರೆಗಳು. ಅವ್ವ ಹಿಂದಿನ ಸೀಟಿನಲ್ಲಿ, ಅಪ್ಪ ನನ್ನ ಪಕ್ಕ. ಡ್ಯಾಶ್‌ಬೋರ್ಡ್ ಮೇಲೆ ಒಂದು ದೀಪ ಇಲ್ಲ.

ಈ ದಾರಿ ನೋಡಿದವರಿಗೆ ಗೊತ್ತು. ಸುಲೇಪೇಟ ಬಿಟ್ಟಾಗ ಎರಡೂ ಕಡೆ ಎರೆ ಭೂಮಿ, ಕಪ್ಪಗೆ ಬಿರುಕು ಬಿಟ್ಟದ್ದು, ಕೊಯ್ದ ತೊಗರಿಯ ಬಣವೆ. ಸೇಡಂ ಹತ್ತಿರ ಬಂದಂತೆ ನೆಲ ಬಿಳಿಯಾಗುತ್ತೆ. ಕೆಳಗೆಲ್ಲ ಸುಣ್ಣದ ಕಲ್ಲು, ಮೇಲೆ ಸಿಮೆಂಟ್ ಕಾರ್ಖಾನೆ. ಸೇಡಂ, ಮಳಖೇಡ, ವಾಡಿ ಮೂರೂ ಕಡೆ ಚಿಮಣಿ. ಲಾರಿಗಳ ಹಿಂದೆ ಹೋಗುತ್ತಾ ಹೋಗುತ್ತಾ ಬೇವಿನ ಎಲೆಯೂ ಬೂದಿ ಬಣ್ಣ. ಬೆಂಗಳೂರಲ್ಲಿ ಕಂಪನಿ ಹೇಳಿದಷ್ಟು ಕಿಲೋಮೀಟರಿಗೆ ಏರ್ ಫಿಲ್ಟರ್ ಬದಲಿಸಿದರೆ ನಡೆಯುತ್ತೆ, ಇಲ್ಲಿ ಅದರ ಅರ್ಧಕ್ಕೇ ತೆಗೆದು ನೋಡಬೇಕು. ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆ ಸಂಜೆ ಬಿಸಿಲಲ್ಲಿ ಕಾಣಿಸಿತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’ 9ನೇ ಶತಮಾನದ ನೃಪತುಂಗನ ಕಾಲದ್ದು. ಪ್ರತಿ ಸಲ ಇಲ್ಲಿ ಇಳಿದು ನೋಡಬೇಕು ಅಂತೀನಿ, ಪ್ರತಿ ಸಲ ಯಾವುದೋ ರೈಲಿಗೆ ಹೊತ್ತಾಗಿರುತ್ತೆ.

ಮಳಖೇಡ ದಾಟಿ ಚಿತ್ತಾಪುರದ ಕಡೆ ತಿರುಗಿದ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿತು. ಬ್ಯಾಟರಿಯ ಚಿತ್ರ.

ಅಪ್ಪನೂ ನೋಡಿದರು. “ನಿಂದರ್ಸು.”

ನಿಲ್ಲಿಸಿದೆ, ಎಂಜಿನ್ ಬಂದ್ ಮಾಡಲಿಲ್ಲ. ಈ ದೀಪ ಬ್ಯಾಟರಿ ಹಾಳಾಗಿದೆ ಅನ್ನೋದಕ್ಕಿಂತ ಹೆಚ್ಚಾಗಿ ಬ್ಯಾಟರಿಗೆ ಚಾರ್ಜ್ ಹೋಗ್ತಿಲ್ಲ ಅಂತ ಹೇಳೋದು. ಒಮ್ಮೆ ಆರಿಸಿದರೆ ಮತ್ತೆ ಚಾಲೂ ಆಗೋ ಖಾತ್ರಿ ಇಲ್ಲ. ಮೊದಲು ನೋಡಬೇಕಿದ್ದು ಬೆಲ್ಟ್. ನಮ್ಮ ಗಾಡಿಯಲ್ಲಿ ಅಲ್ಟರ್ನೇಟರ್ ತಿರುಗಿಸೋ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತೆ. ಅದು ತುಂಡಾಗಿದ್ದರೆ ಒಂದು ಕಿಲೋಮೀಟರೂ ಹೋಗೋ ಹಾಗಿಲ್ಲ, ಎಂಜಿನ್ ಕಾದು ಕೆಡುತ್ತೆ. ಬಾನೆಟ್ ಎತ್ತಿ, ಕೈ ದೂರ ಇಟ್ಟುಕೊಂಡು ಟಾರ್ಚ್ ಹಾಕಿದೆ. ಬೆಲ್ಟ್ ತಿರುಗುತ್ತಿತ್ತು. ಹಾಗಾದರೆ ಅಲ್ಟರ್ನೇಟರ್ ಒಳಗೇ ಏನೋ ಆಗಿದೆ. ಉಳಿದ ದಾರಿಗೆ ಬ್ಯಾಟರಿಯಲ್ಲಿ ಇರೋದಷ್ಟೇ ಗತಿ.

ಅವ್ವ ಹಿಂದಿನಿಂದ, “ರೈಲು ಸಿಗ್ತದಿಲ್ಲಪ?” ಅಂದಳು.

ಡಾಂಗಲ್ ಚುಚ್ಚಿದೆ. ವೋಲ್ಟೇಜ್ 12.2. ಅಲ್ಟರ್ನೇಟರ್ ಸರಿಯಿದ್ದಿದ್ದರೆ 14ರ ಹತ್ತಿರ ಇರಬೇಕಿತ್ತು. ಎಸಿ, ಫ್ಯಾನ್, ಹಾಡು, ಫೋನ್ ಚಾರ್ಜರ್ ಎಲ್ಲ ಬಂದ್. ಹೆಡ್‌ಲೈಟ್ ಮಾತ್ರ ಆರಿಸೋ ಹಾಗಿರಲಿಲ್ಲ, ಕತ್ತಲಾಗ್ತಿತ್ತು, ಎದುರಿಗೆ ಸಿಮೆಂಟ್ ಲಾರಿಗಳು. ಅಪ್ಪನಿಗೆ ಹೇಳಿದೆ: “ಚಿತ್ತಾಪುರ ಮುಟ್ಟೋತನಕ 11.7ರ ಕೆಳಗ ಇಳಿದ್ರ ಅಲ್ಲೇ ಗಾಡಿ ಬಿಟ್ಟು ಬಾಡಿಗಿ ಗಾಡಿ ಮಾಡಮು. ಇಳೀಲಿಲ್ಲಂದ್ರ ವಾಡಿತನಕ ಹೋಗಮು.” ಫೋನ್ ಅಪ್ಪನ ಕೈಗೆ ಕೊಟ್ಟೆ. ದೀಪ ನೋಡಿದರೆ ಎದೆ ಢವಢವ ಅನ್ನೋ ಮನುಷ್ಯ ಅಲ್ಲಿಂದ ವಾಡಿ ತನಕ ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಹೇಳುತ್ತಾ ಬಂದರು. “ಹನ್ನೆರಡು.” “ಹನ್ನೊಂದು ಪಾಯಿಂಟ್ ಒಂಬತ್ತು.” ಚಿತ್ತಾಪುರದಲ್ಲಿ 11.8. ನಾನು ಅಪ್ಪನ ಮುಖ ನೋಡಿದೆ. “ನಡಿ” ಅಂದರು.

ವಾಡಿಯ ಚಿಮಣಿ ದೀಪಗಳು ಕಾಣೋ ಹೊತ್ತಿಗೆ ಸ್ಟೇರಿಂಗ್ ದೀಪವೂ ಹತ್ತಿ, ಸ್ಟೇರಿಂಗ್ ಬಿಗಿಯಾಯ್ತು. ಹೊಸ ದೋಷ ಏನಲ್ಲ. ಕರೆಂಟಿನ ಪವರ್ ಸ್ಟೇರಿಂಗ್, ವೋಲ್ಟೇಜ್ ಇಳಿದ ಮೇಲೆ ಕೈ ಬಿಟ್ಟಿತ್ತು, ಅಷ್ಟೇ. ಹಳೆ ಗಾಡಿಯಲ್ಲಿ ನಾಲ್ಕು ದೀಪ ಒಟ್ಟಿಗೆ ಹತ್ತಿದರೆ ನಾಲ್ಕು ರೋಗ ಅಂದುಕೊಳ್ಳಬೇಡಿ, ಮೊದಲು ಬ್ಯಾಟರಿ ನೋಡಿ. ತೋಳು ನೋಯುವಂತೆ ತಿರುಗಿಸಿ ಸ್ಟೇಷನ್ ಮುಂದೆ ತಂದು ನಿಲ್ಲಿಸಿದಾಗ 11.2. ರೈಲಿಗೆ ಇನ್ನೂ ಮುಕ್ಕಾಲು ತಾಸಿತ್ತು.

ಎಂಜಿನ್ ಆರಿಸಿದರೆ ಗಾಡಿ ಅಲ್ಲೇ, ಆಟೋಗಳ ನಡುವೆ ಉಳಿಯುತ್ತಿತ್ತು. ಹಾಗಾಗಿ ನಾನು ಇಳಿಯಲಿಲ್ಲ. ಅಪ್ಪ ಡಿಕ್ಕಿಯಿಂದ ಸಾಮಾನು ಇಳಿಸಿದರು. ಅವ್ವ ಕಿಟಕಿಯಿಂದ ಕೈ ಹಾಕಿ ನನ್ನ ಗದ್ದ ಮುಟ್ಟಿ, “ಹುಷಾರಪಾ” ಅಂದಳು. ಪ್ಲಾಟ್‌ಫಾರ್ಮಿಗೆ ಹೋಗಿ ಸೀಟಿನಲ್ಲಿ ಕೂರಿಸಿ, ನೀರಿನ ಬಾಟಲಿ ಕೊಟ್ಟು ಬರೋದು ನಮ್ಮ ಮನೆಯ ಪದ್ಧತಿ. ಆ ಸಲ ಆಗಲಿಲ್ಲ. 1874ರಲ್ಲಿ ಹೈದರಾಬಾದಿಗೆ ಹಳಿ ಹಾಕಿದಾಗಿನಿಂದ ಈ ಜಂಕ್ಷನ್ನಿನಲ್ಲಿ ಎಷ್ಟು ಜನ ಎಷ್ಟು ಜನರನ್ನ ಬೀಳ್ಕೊಟ್ಟಿರಬೇಕು, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಬೀಳ್ಕೊಟ್ಟವರು ಕಡಿಮೆ ಇರಬಹುದು.

ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಹೋಗಿ ಮುಟ್ಟಿದೆ. ಗಾಡಿ ಬಿಟ್ಟು, ಶಹಾಬಾದದಿಂದ ಬೈಕ್ ತಂದ ಮಾವನ ಮಗನ ಜೊತೆ ಹೋಗಿ ಅವರ ಮನೇಲಿ ಮಲಗಿದೆ. ಶಹಾಬಾದಿ ಫರಸಿಯ ಊರಲ್ಲೇ, ಅದೇ ಫರಸಿಯ ನೆಲದ ಮೇಲೆ, ಡಿಸೆಂಬರ್ ಚಳಿಯಲ್ಲಿ. ಎರಡು ಚಾಪೆ ಹಾಸಿದರೂ ಸಾಲಲಿಲ್ಲ. ಬೇಸಿಗೆಯಲ್ಲಿ ಈ ಕಲ್ಲಿಗೆ ಕೈ ಮುಗಿಯೋರು ಚಳಿಗಾಲದಲ್ಲಿ ಏನಂತಾರೋ.

ಬೆಳಿಗ್ಗೆ ವಾಡಿಗೆ ಹೋದಾಗ ಎಲೆಕ್ಟ್ರಿಷಿಯನ್ ಅಲ್ಟರ್ನೇಟರ್ ಬಿಚ್ಚಿಟ್ಟಿದ್ದ. ಒಳಗಿನ ಕಾರ್ಬನ್ ಬ್ರಶ್ ಸವೆದು ಬೇಳೆಯಷ್ಟಾಗಿತ್ತು. ಅಷ್ಟು ಓಡಿದ ಗಾಡಿಗೆ ಅದು ಸಹಜ ಅಂದ. ಪೂರಾ ಅಲ್ಟರ್ನೇಟರ್ ಬದಲಿಸೋದು ಬೇಡ ಅಂದದ್ದೂ ಅವನೇ. ಬ್ರಶ್ ಹಾಕಿ, ರಾತ್ರಿಯೆಲ್ಲ ಚಾರ್ಜಿಗಿಟ್ಟ ಬ್ಯಾಟರಿ ಕೂರಿಸಿದ.

ಅಷ್ಟರಲ್ಲಿ ಅಪ್ಪ-ಅವ್ವ ಪುಣೆ ಮುಟ್ಟಿದ್ದರು. ಗಾಡಿ ರೆಡಿ ಅಂತ ತೋರಿಸೋಕೆ ಕೀ ತಿರುಗಿಸಿ ಡ್ಯಾಶ್‌ಬೋರ್ಡಿನ ಫೋಟೋ ತೆಗೆದು ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅರ್ಧ ನಿಮಿಷದಲ್ಲಿ ಫೋನ್ ಬಂತು.

“ಏ, ಎಲ್ಲಾ ಹತ್ತ್ಯಾವಲ್ಲೋ!”

“ಹತ್ತಬೇಕಪ್ಪ. ಈಗ ಕೀ ತಿರುವೀನಿ ಅಷ್ಟ. ಇನ್ನ ಚಾಲೂ ಮಾಡಿಲ್ಲ.”

ಒಂದು ಕ್ಷಣ ಸುಮ್ಮನಿದ್ದರು.

“ಹಂಗಾರ ಚಾಲೂ ಮಾಡಿ, ಆರಿದ ಮ್ಯಾಲ ಇನ್ನೊಂದು ಫೋಟೋ ಹಾಕು.”