ದೊರೆ ಬೆತ್ತ

ನಮ್ಮ ಮನೆಯಲ್ಲಿ ಅದಕ್ಕೆ ‘ದೊರೆ ಬೆತ್ತ’ ಎಂದೇ ಹೆಸರು. ಕೊಡಗಿನ ಕಾಫಿ ತೋಟವೊಂದರಲ್ಲಿ ತಾತ ರೈಟರ್ ಆಗಿದ್ದರು. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆ ತನ್ನ ಗಾಳದ ಕೋಲನ್ನು ಅವರ ಕೈಗಿಟ್ಟು ಹೋದನಂತೆ. ನಮ್ಮದು ಮೀನು ಒಳಗೆ ಬಾರದ ಮನೆ. ಆದರೂ ಅಪ್ಪ ಭಾನುವಾರ ಅದನ್ನು ಹಿಡಿದು ಹೊಳೆಗೆ ಹೋಗುತ್ತಿದ್ದರು, ಸಿಕ್ಕಿದ್ದನ್ನು ಹೊಳೆಗೇ ಬಿಟ್ಟು ಬರುತ್ತಿದ್ದರು.

ಕಳೆದ ವರ್ಷ ಅಮ್ಮ ಹೋದ ಮೇಲೆ ಅಪ್ಪನನ್ನು ಪುಣೆಗೆ ಕರೆತಂದೆ. ಸಾಮಾನಿನ ಜೊತೆ ಬಟ್ಟೆ ಚೀಲದಲ್ಲಿ ಇದೂ ಬಂತು. ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಅಪ್ಪನ ಬಾಯಿಂದ ದಿನಕ್ಕೆ ನಾಲ್ಕು ಮಾತು ಬಂದರೆ ಹೆಚ್ಚು. ಒಂದು ಶನಿವಾರ ಸುಮ್ಮನೆ ಚೀಲ ಬಿಚ್ಚಿದೆ. ವಾರ್ನಿಷ್ ಹಪ್ಪಳವೆದ್ದಿತ್ತು, ಉಂಗುರಗಳನ್ನು ಬಿಗಿದಿದ್ದ ರೇಷ್ಮೆ ದಾರ ಮುಟ್ಟಿದರೆ ಪುಡಿ. ತುದಿಯ ತುಂಡು ಮುರಿದಿತ್ತು. ಅದು ಹೇಗೆ ಮುರಿಯಿತೆಂದು ನನಗೊಬ್ಬನಿಗೇ ಗೊತ್ತು.

ಬೆತ್ತ ಎನ್ನುತ್ತೇವೆ, ಆದರೆ ಬೆತ್ತವಲ್ಲ, ಬಿದಿರು. ದಕ್ಷಿಣ ಚೀನಾದ ಟೋಂಕಿನ್ ಬಿದಿರನ್ನು ಸೀಳಿ, ಆರು ತ್ರಿಕೋನ ಪಟ್ಟಿಗಳಾಗಿ ಹೆರೆದು, ಸಿಪ್ಪೆಯ ಬದಿ ಹೊರಗೆ ಬರುವಂತೆ ಅಂಟಿಸಿ ಒಂದು ಕೋಲು ಮಾಡುತ್ತಾರೆ. ಅಡ್ಡ ಕೊಯ್ದರೆ ಜೇನುಗೂಡಿನ ಕೋಣೆಯಂತೆ ಆರು ಮೂಲೆ. ಬಿದಿರಿನ ಬಲವೆಲ್ಲ ಸಿಪ್ಪೆಯ ಕೆಳಗಿನ ನಾರಿನಲ್ಲೇ ಇರುವುದರಿಂದ ಉಪ್ಪುಕಾಗದ ಹಾಕಿ ಉಜ್ಜಿದರೆ ಕೋಲಿನ ಜೀವವೇ ಸವೆಯುತ್ತದೆ. ಗೇಣುದ್ದ ಉಜ್ಜಿದ ಮೇಲೆ ನನಗಿದು ತಿಳಿಯಿತು! ಆಮೇಲೆ ಹಳೇ ಕಂಪನಿಯ ಐಡಿ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದೆ. ಆ ಕಾರ್ಡಿನಿಂದ ಆದ ನಿಜವಾದ ಉಪಯೋಗ ಇದೇ ಇರಬೇಕು.

ದಾರಕ್ಕೆ ರವಿವಾರ ಪೇಠೆ ಸುತ್ತಿದೆ. ಸೀರೆ ಕುಚ್ಚಿಗೆ ಬಳಸುವ ‘ಸಿಲ್ಕ್’ ದಾರ ತಂದೆ. ಅಪ್ಪ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ‘ಕಾಗದದ ವಾಸನೆ. ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬರ್ಬೇಕು ಕಣೋ’ ಎಂದರು. ಮರುದಿನ ಅಮ್ಮನ ಟ್ರಂಕಿನಿಂದ ಕುಚ್ಚು ಕಟ್ಟಿ ಉಳಿದಿದ್ದ ಹಸಿರು ಲಡಿಯನ್ನು ತಾವೇ ತಂದು ನನ್ನ ಪಕ್ಕದಲ್ಲಿಟ್ಟರು. ಸುಟ್ಟು ನೋಡುವ ಮಾತು ಇಬ್ಬರೂ ಎತ್ತಲಿಲ್ಲ.

ಆ ದಿನಗಳಲ್ಲೇ ಅಪ್ಪ ಮಾತಿಗೆ ಬಿದ್ದರು. ಕಾವೇರಿಯ ಗೂನುಬೆನ್ನಿನ ಮಹಶೀರ್, ಅದರ ಕಿತ್ತಳೆ ಬಣ್ಣದ ಬಾಲ, ದಾರ ಎಳೆದಾಗ ರೀಲು ಕಿರುಚುವ ಸದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದಿದ್ದರು. ಅಂಥ ಮೀನು ಈಗ ಅಳಿವಿನ ಅಂಚಿನಲ್ಲಿದೆ. ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಅದಕ್ಕೆ ಸೇರುತ್ತದೆಂದು ವಿಜ್ಞಾನಿಗಳು ಗುರುತಿಸಿದ್ದೇ 2018ರಲ್ಲಿ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆ ಎಲ್ಲವೂ ಕಾರಣ. ಇನ್ನೊಂದು ಕಾರಣ ಹೇಳಿದಾಗ ಅಪ್ಪ ನಂಬಲಿಲ್ಲ: ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟ ಬೇರೆ ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳು ಅಲ್ಲಿ ಹೆಚ್ಚಿ, ಇದರ ಜಾಗ ಹಿಡಿದವು. ಆ ಮರಿಗಳ ಮೂಲ ನಮ್ಮ ಪುಣೆಯ ಪಕ್ಕದ ಲೋಣಾವಳ. ‘ಇಲ್ಲಿಂದಲಾ?’ ಎಂದು ಎರಡು ಸಲ ಕೇಳಿದರು.

ತುದಿಯ ಎರಡು ತುಂಡುಗಳನ್ನೂ ಓರೆಯಾಗಿ ಸೀಳಿ, ಅರಾಲ್ಡೈಟ್ ಹಚ್ಚಿ ಕೂಡಿಸಿದೆ. ಅದರ ಮೇಲೆ ಅಮ್ಮನ ಹಸಿರು ದಾರ. ಎಡಗೈಯಲ್ಲಿ ಕೋಲು ತಿರುಗಿಸುತ್ತಾ ಬಲಗೈಯಲ್ಲಿ ಎಳೆಗೆ ಎಳೆ ತಾಗುವಂತೆ ಸುತ್ತಬೇಕು, ಕಣ್ಣು ಎತ್ತುವಂತಿಲ್ಲ. ಅದೇ ಅನುಕೂಲವಾಯಿತು.

‘ಅಪ್ಪಾ, ಇದನ್ನ ಮುರಿದಿದ್ದು ನಾನು. ನಾಲ್ಕನೇ ಕ್ಲಾಸಲ್ಲಿ. ಸೀಬೆಕಾಯಿ ಬೀಳಿಸೋಕೆ ಹೋಗಿ.’

ಮುರಿದ ತುಂಡನ್ನು ಚೀಲಕ್ಕೆ ತುರುಕಿ ಅಟ್ಟದ ಮೇಲಿಟ್ಟಿದ್ದೆ. ಆಮೇಲಿನ ಭಾನುವಾರಗಳಲ್ಲಿ ಅಪ್ಪ ಹೊಳೆಗೆ ಹೋಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನಂತೂ ಕೇಳುವ ಹಾಗೇ ಇರಲಿಲ್ಲ.

ಅಪ್ಪ ದಾರದ ಉಂಡೆ ಹಿಡಿದು ಎದುರಿಗೇ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ‘ಸಡಿಲ ಬಿಡಬೇಡ, ಬಿಗಿಯಾಗಿ ಸುತ್ತು.’

ವಾರ್ನಿಷ್ ಎರಡು ಕೋಟ್ ಆಗಿದೆ. ಮೂರನೆಯದಕ್ಕೆ ಮಳೆ ಬಿಡಬೇಕು, ಪುಣೆಯ ಜುಲೈ ತಿಂಗಳಲ್ಲಿ ಅದು ಒಣಗುವುದಿಲ್ಲ. ಕೋಲು ಈಗ ಎರಡಿಂಚು ಗಿಡ್ಡವಾಗಿದೆ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಬಾಲ್ಕನಿಗೆ ಹೋಗಿ ಅಂಟು ಹೋಯಿತೇ ಎಂದು ಬೆರಳಿಟ್ಟು ನೋಡುತ್ತಾರೆ. ಎರಡನೇ ಕೋಟಿನ ಮೇಲೆ ಅವರ ಹೆಬ್ಬೆರಳಿನ ಗುರುತು ಮೂರು ಕಡೆ ಮೂಡಿದೆ.