ಎರಡು ದಿನಗಳ ಅಂತರ

ತಾಯಾಗಲಿರುವ ಹೆಣ್ಣನ್ನು ಬರಿಯ ಅಂಕಿಯೊಂದು ನಡುಗಿಸಬಲ್ಲದು. ಹಿಂದೊಮ್ಮೆ ಗರ್ಭಸ್ರಾವವಾಗಿದ್ದ ಆ ಗೃಹಿಣಿಯ ಕೈಗೆ ಐದನೆಯ ವಾರದಲ್ಲಿ ರಕ್ತಪರೀಕ್ಷೆಯ ಚೀಟಿ ಬಂದಿತು: ಎಚ್‌ಸಿಜಿ 210. ತಂಗಿಗೆ ಅದೇ ವಾರದಲ್ಲಿ ಸಾವಿರ ಮೀರಿತ್ತಂತೆ! ಅಂದು ರಾತ್ರಿ ಆಕೆಗೆ ನಿದ್ರೆ ಹತ್ತಲಿಲ್ಲ.

ವೈದ್ಯೆ ಸಮಾಧಾನದಿಂದ ವಿವರಿಸಿದರು. ಭ್ರೂಣ ನೆಲೆಯೂರಿದ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಸ್ರವಿಸುವ ಹಾರ್ಮೋನು ಅದು. ಐದನೆಯ ವಾರದಲ್ಲಿ ಒಬ್ಬರಿಗೆ ನೂರರ ಆಸುಪಾಸು, ಇನ್ನೊಬ್ಬರಿಗೆ ಸಾವಿರಗಟ್ಟಲೆ ಇರಬಹುದು, ಎರಡೂ ಸಹಜವೇ. ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ ಹೆಚ್ಚುಕಡಿಮೆ ಇಮ್ಮಡಿಸಿ, ಹತ್ತನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಬಳಿಕ ತಾನಾಗಿಯೇ ಇಳಿಯುತ್ತದೆ. "ಒಂದೇ ಅಂಕಿಯಿಂದ ಏನನ್ನೂ ಹೇಳಲಾಗದಮ್ಮ. ನಾಡಿದ್ದು ಮತ್ತೊಮ್ಮೆ ನೋಡೋಣ."

ಆ ಎರಡು ದಿನ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅತ್ತೆ ಮಾತ್ರ ಸೊಸೆಯ ಕೆಲಸಗಳನ್ನೆಲ್ಲ ಸದ್ದಿಲ್ಲದೆ ತಾವೇ ವಹಿಸಿಕೊಂಡರು.

ಎರಡನೆಯ ಚೀಟಿಯಲ್ಲಿ 430 ಎಂದಿತ್ತು. ವೈದ್ಯೆ ಮುಗುಳ್ನಕ್ಕರೂ ಎಚ್ಚರಿಸುವುದನ್ನು ಮರೆಯಲಿಲ್ಲ: "ಏಳನೆಯ ವಾರದಲ್ಲಿ ಸ್ಕ್ಯಾನ್ ಮಾಡಿದ ಮೇಲೆಯೇ ನಿಶ್ಚಯ. ಅಷ್ಟರೊಳಗೆ ಹೊಟ್ಟೆನೋವು, ರಕ್ತಸ್ರಾವ ಕಂಡರೆ ಕೂಡಲೇ ಬನ್ನಿ."

ಏಳನೆಯ ವಾರ ಪರದೆಯ ಮೇಲೆ ಪುಟ್ಟ ಹೃದಯವೊಂದು ಮಿಡಿಯುತ್ತಿತ್ತು. ಆಕೆಯ ಕಣ್ಣುಗಳು ತುಂಬಿದವು. ತಂಗಿಯ ಅಂಕಿ ನೆನಪಿಗೂ ಬರಲಿಲ್ಲ.